ಹದ್ದುಬಸ್ತು

ಉಸಿರು ಎಳೆದುಕೊಳ್ಳಿ. ಹಿಡಿಯಿರಿ. ಬಿಡಿ.
ಯಂತ್ರದ ಹೆಣ್ಣುದನಿ ಮೂರೇ ಮಾತು ಕಲಿತಿದೆ.
ಮೂರನೆಯದು ಬರುವಷ್ಟರಲ್ಲಿ
ಪ್ರತಿಸಲ ನನ್ನ ಎಣಿಕೆ ತಪ್ಪುತ್ತದೆ.

ಸವಳಂಗ ರಸ್ತೆಯ ಸ್ಕ್ಯಾನ್ ಸೆಂಟರಿನಿಂದ
ಕವರು ತಂದವರು ರುದ್ರಮುನಿ. ನನ್ನ ಗಂಡ.
ಶಿವಮೊಗ್ಗ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ
ಕನ್ನಡಕ ಮರೆತುಬಂದವರು, ಕೈ ದೂರ ಹಿಡಿದು ಓದಿದರು:
ಬಲ ಶ್ವಾಸಕೋಶ, ಕೆಳಗಿನ ಹಾಲೆ, ಆರು ಮಿಲಿಮೀಟರ್.
ಸ್ವರೂಪ ಹೇಳಲಾಗದು.
ಮೊದಲೂ ಇತ್ತೋ ಏನೋ; ಹೋಲಿಸಿ ನೋಡಲು
ಹಳೆಯ ಸಿಡಿ ತೆರೆಯಲೇ ಇಲ್ಲವಂತೆ.

‘ಏನೂ ಅಲ್ಲದಿರಬಹುದು’ ಅಂದರು ಡಾಕ್ಟರು.
ಅಲ್ಲದಿರಬಹುದು.
ಅದರೊಳಗೆ ಅಲ್ಲ ಇದೆ, ಇರು ಇದೆ, ಬಹುದು ಇದೆ,
ಒಂದನ್ನೊಂದು ತಳ್ಳುತ್ತ, ಸೀಟಿಲ್ಲದೆ,
ಶಿಕಾರಿಪುರದ ಕೊನೇ ಬಸ್ಸಿನಲ್ಲಿ ನಿಂತವರ ಹಾಗೆ.

ನಾನು ಸರ್ವೇಯರ್. ಇಪ್ಪತ್ತೆರಡು ವರ್ಷ.
ಮೂವತ್ಮೂರು ಅಡಿ ಸರಪಳಿಗೆ ಹದಿನಾರು ಆಣೆ.
ಹದಿನಾರಾಣೆ ಸತ್ಯ ಅನ್ನುತ್ತಾರಲ್ಲ ಜನ,
ಅದನ್ನು ನಾನು ಕೆಸರಲ್ಲಿ ಎಳೆದಾಡಿದ್ದೇನೆ,
ಸೀಮೆಎಣ್ಣೆ ಹಚ್ಚಿ ತುಕ್ಕು ಒರೆಸಿದ್ದೇನೆ.
ಆರು ಮಿಲಿಮೀಟರ್ ಅಂದರೆ ಎಷ್ಟು ಆಣೆ?
ಒಂದು ತೊಗರಿಬೇಳೆ ತೆಗೆದು
ಮಗಳ ಸ್ಕೇಲಿನ ಪಕ್ಕ ಇಟ್ಟು ನೋಡಿದೆ.
ಇಷ್ಟೇ. ಬೇಯಲು ಮೂರು ಸೀಟಿ ಸಾಕು.

ಎಡದ ಮೊಲೆ ಮೂರು ವರ್ಷದ ಹಿಂದೆಯೇ ಖಾತೆ ಬಿಟ್ಟಿತು.
ಅದರ ಬಗ್ಗೆ ತಕರಾರಿಲ್ಲ.
ಅಲ್ಲಿದ್ದವನಿಗೆ ಹೆಸರಿತ್ತು, ಹಂತಕ್ಕೆ ನಂಬರಿತ್ತು,
ಸೂಜಿಗೆ ವಾರ ಗೊತ್ತಿತ್ತು,
ಕೂದಲು ಉದುರಿದ್ದೂ ಹೇಳಿದ ದಿನಕ್ಕೇ.
ಈಗ ಬಂದವನು ಬಾಯಿ ಬಿಡುವುದಿಲ್ಲ.
ಜಗಲಿಯ ಮೇಲೆ ಕೂತಿದ್ದಾನೆ,
ಸಾಲ ಕೇಳಲು ಬಂದನೋ ಮದುವೆ ಕಾಗದ ಕೊಡಲೋ.
ಕುಡಿಯಲು ನೀರು ಕೊಡಬೇಕೇ, ಇಂಥವನಿಗೆ?

ಮೊನ್ನೆ ಅಂಜನಾಪುರದಾಚೆ ಹದ್ದುಬಸ್ತಿಗೆ ಹೋಗಿದ್ದೆ.
ಹುಚ್ಚರಾಯಪ್ಪನ ಮೆಕ್ಕೆಜೋಳದ ಹೊಲ,
ನಟ್ಟನಡುವೆ ಮೊಣಕಾಲೆತ್ತರದ ಕಲ್ಲು.
ಟಿಪ್ಪಣಿಯಲ್ಲಿಲ್ಲ, ಆಕಾರಬಂದಿನಲ್ಲಿಲ್ಲ,
ಹಳೇ ನಕ್ಷೆಯ ಬಟ್ಟೆ ಬಿಚ್ಚಿದರೆ ಅಲ್ಲೂ ಇಲ್ಲ.
ಬಾಂದುಕಲ್ಲಲ್ಲ. ದೇವರೂ ಅಲ್ಲ, ಅರಿಶಿನವಿಲ್ಲ.
ಅಗೆಸಿ ನೋಡಬಹುದಿತ್ತಲ್ಲ ಅಂದೆ.
‘ನೋಡ್ಬೌದಿತ್ರೀ. ಬುಡ ಎಷ್ಟಾಳ ಐತೋ ಯಾರಿಗ್ಗೊತ್ತು.
ನೇಗಿಲು ಸುತ್ತಾಕ್ಕಂಡು ಹೋಕ್ಕತಿ.
ಎಮ್ಮೆ ಮೈ ತಿಕ್ಕತೈತಿ.’

ಮಹಜರಿನಲ್ಲಿ ಬರೆದೆ: ಸ್ಥಳದಲ್ಲಿ ಕಲ್ಲು ಇರುತ್ತದೆ.
ಮೂಲ ತಿಳಿದುಬಂದಿರುವುದಿಲ್ಲ.
ಸಹಿಯ ಅರ್ಧಕ್ಕೆ ಕೈ ನಿಂತಿತು.
‘ಯಾಕ್ ಮೇಡಂ, ಪೆನ್ನು ಬರ್ತಿಲ್ವಾ?’
ಚೈನ್‌ಮನ್ ಹಾಲಪ್ಪ ತನ್ನದನ್ನು ಕೊಟ್ಟ.

ಇದನ್ನೊಂದು ನೀತಿಯೆಂದು ನಾನು ಮನೆಗೆ ತರಲಿಲ್ಲ.
ಕಲ್ಲು ಬೆಳೆಯುವುದಿಲ್ಲ.
ಅಷ್ಟು ನನಗೂ ಗೊತ್ತು.

ರಾತ್ರಿ ಒಂದು ಕೆಮ್ಮು ಬಂದರೆ
ಮನೆಯಲ್ಲಿ ನಾಲ್ಕು ಕಿವಿ ಏಳುತ್ತವೆ.
ರುದ್ರಮುನಿ ಎದ್ದು ಫ್ಯಾನು ಒಂದು ಗೆರೆ ಇಳಿಸುತ್ತಾರೆ,
ಅದೂ ಒಂದು ಔಷಧವೆಂಬಂತೆ.
ಸಿಂಚನ ಬಾಗಿಲ ಹತ್ತಿರ ಬಂದು,
‘ಒಗ್ಗರಣೆ ಘಾಟಾ, ಅಮ್ಮಾ?’
ಹನ್ನೊಂದೂವರೆಗೆ ಯಾವ ಒಗ್ಗರಣೆ.
ಹೂಂ ಅಂದೆ. ಹೂಂ ಅಂದಳು.

ಕ್ಯಾಲೆಂಡರಿನಲ್ಲಿ ಮುಂದಿನ ಸ್ಕ್ಯಾನಿಗೆ
ಹಸಿರು ಪೆನ್ನಿನ ಸುತ್ತು.
ಪಕ್ಕದ ಚೌಕದಲ್ಲಿ ಅವಳ ಗಣಿತದ ಪರೀಕ್ಷೆ,
ಕೆಳಗೆ ಹಾಲಿನ ಬಾಕಿ.
ತೊಂಬತ್ತೊಂದು ದಿನ; ಇವತ್ತಿಗೆ ಎಪ್ಪತ್ತು.
ಕೆಲವು ದಿನ ಪೂರ್ತಿ ಮರೆತಿರುತ್ತೇನೆ,
ಸಂಜೆ ಕಾಲು ತೊಳೆಯುವಾಗ ನೆನಪಾಗಿ
ಮರೆತದ್ದಕ್ಕೇ ಎದೆ ಝಲ್ಲೆನ್ನುತ್ತದೆ,
ಕಾವಲಿಗೆ ಕೂತವಳು ತೂಕಡಿಸಿದ ಹಾಗೆ.

ಇವತ್ತು ಇನ್ನೊಂದು ಹೊಲ.
ಮಾತು ಬಿಟ್ಟ ಅಣ್ಣತಮ್ಮಂದಿರು
ಒಬ್ಬೊಬ್ಬರು ಒಂದೊಂದು ಬದುವಿನ ಮೇಲೆ.
ಮೇಲೊಂದು ಹದ್ದು
ಯಾರ ಹದ್ದಿಗೂ ಸೇರದ ಸುತ್ತು ಹಾಕುತ್ತಿದೆ.
ಆಚೆ ತುದಿಯಿಂದ ಹಾಲಪ್ಪ ಕೂಗುತ್ತಾನೆ,
‘ಹಿಡ್ಕಂಡೀನಿ ಮೇಡಂ, ಎಳೀರಿ!’

ಎಳೆದೆ. ಸರಪಳಿ ನೆಲಬಿಟ್ಟು ಬಿಗಿಯಾಯಿತು.
ನಡುವೆ ಸ್ವಲ್ಪ ಜೋಲು ಉಳಿಯಿತು,
ಯಾವತ್ತೂ ಉಳಿಯುವಷ್ಟು.