ಐದನೆಯ ಸ್ವರ

ತಾತ ಝುವೊ ಹುವಾನ್‌ಷೆಂಗ್ ಕಲಿಸುತ್ತಿದ್ದ ಭಾಷೆಗೆ
ತಾಯಿ ಇರಲಿಲ್ಲ.
ದೂರದ ಬೀಜಿಂಗಿನಲ್ಲಿ ಪಂಡಿತರು ಕೂತು,
ಪ್ರಾಂತಕ್ಕೊಂದು ಮತ ಹಾಕಿ,
ಒಂದೊಂದೇ ಅಕ್ಷರಕ್ಕೆ ಉಚ್ಚಾರ ಗೊತ್ತುಮಾಡಿದರಂತೆ.
ಉತ್ತರದಿಂದ ಮೂಳೆ, ದಕ್ಷಿಣದಿಂದ ಮಾಂಸ,
ಜಗಳ ಮುಗಿಯಲೆಂದು ಒಂದಿಷ್ಟು ಉಪ್ಪು.
ಯಾವ ತೊಟ್ಟಿಲೂ ಕೇಳದ ಆ ನುಡಿ
ಗ್ರಾಮಫೋನಿನ ತಟ್ಟೆಯಲ್ಲಿ ಸುತ್ತಿಕೊಂಡು
ಹಡಗು ಹತ್ತಿ ಫುಝೌಗೆ ಬಂತು.

ತಾತ ಕಹಳೆಗೆ ಕಿವಿಯಿಟ್ಟು ಕಲಿತ,
ಇರುಳು ಕಲಿತದ್ದನ್ನು ಬೆಳಿಗ್ಗೆ ಮಕ್ಕಳಿಗೆ ಒಪ್ಪಿಸಿದ.
ನಾಲ್ಕು ಸ್ವರ ಏರಲಿ, ಇಳಿಯಲಿ, ಬಳುಕಲಿ;
ಐದನೆಯದು ಮಾತ್ರ
ಗಾಳಿಗೆ ಕದ ಬಡಿದಂತೆ ತಟ್ಟನೆ ನಿಲ್ಲಬೇಕು,
ನಾಲಿಗೆ ಎನ್ನುವಾಗ, ನಾಡು ಎನ್ನುವಾಗ,
ಹಿಮ ಎನ್ನುವಾಗ.

ಹಿಂದೊಮ್ಮೆ ನಮ್ಮ ಸೀಮೆಯ ಅಧಿಕಾರಿಗಳ ಬಿನ್ನಹ
ಚಕ್ರವರ್ತಿಯ ಕಿವಿಗೆ ಅರ್ಥವಾಗದೆ
ಉಚ್ಚಾರ ತಿದ್ದುವ ಶಾಲೆಗಳನ್ನು ಕಟ್ಟಿಸಿದ್ದರಂತೆ.
ಅವುಗಳ ಅಂಗಳದಲ್ಲಿ ಹುಲ್ಲು ಬೆಳೆಯಿತು.
ಮಾತು ಮಾತ್ರ ಹೇಗೋ ನಡೆಯುತ್ತಿತ್ತು
ಛತ್ರದಲ್ಲಿ, ಕಚೇರಿಯಲ್ಲಿ, ಚಹಾ ವರ್ತಕರ ದೋಣಿಯಲ್ಲಿ.
ಬಣ್ಣ ಶುದ್ಧವಿಲ್ಲದ್ದಕ್ಕೆ
ಅದನ್ನು ನೀಲಿ-ಹಸಿರು ಎನ್ನುತ್ತಿದ್ದರು.

ಹನ್ನೊಂದನೆಯ ವರ್ಷ ಹೊಸ ಪದಕೋಶ ಬಂತು.
ಇನ್ನು ಬೀಜಿಂಗಿನವರ ಬಾಯೇ ಪ್ರಮಾಣ.
ಐದನೆಯ ಸ್ವರ ರದ್ದು.
ತಾತ ದೀಪ ಹಚ್ಚಿ ಕೂತು
ಪಾಠದ ಪುಸ್ತಕದಿಂದ ಅದರ ಚುಕ್ಕಿಗಳನ್ನೆಲ್ಲ
ಬ್ಲೇಡಿನಲ್ಲಿ ಕೆರೆದು ತೆಗೆದ.
ಎರಡು ಕಡೆ ಕಾಗದ ತೂತಾಗಿದೆ.
ನಾನು ಬೆರಳಿಟ್ಟು ನೋಡಿದ್ದೇನೆ.

ನನ್ನ ಕಾಲಕ್ಕೆ ಅದರ ಹೆಸರು 'ಎಲ್ಲರ ಮಾತು'.
ತರಗತಿಯಲ್ಲಿ ಅಜ್ಜಿಯ ಮಾತು ಬಾಯಿಗೆ ಬಂದರೆ
ಕೊರಳಿಗೆ ಮರದ ಬಿಲ್ಲೆ,
ಇನ್ನೊಬ್ಬರು ತಪ್ಪುವ ತನಕ.
'ಮಳೆ!' ಎಂದು ಕಿಟಕಿಯಲ್ಲಿ ಕೂಗಿದ್ದಕ್ಕೆ
ಮೂರು ದಿನ ತೊಟ್ಟೆ.
ಸುಳ್ಳೇಕೆ, ಆಮೇಲೆ ಅದೇ ಮಾತು
ನನ್ನನ್ನು ರೈಲು ಹತ್ತಿಸಿತು.
ಸಿಚುವಾನಿನ ಹುಡುಗನೊಬ್ಬನನ್ನು ಕಟ್ಟಿಕೊಂಡು
ನಲವತ್ತು ವರ್ಷ ಅದರಲ್ಲೇ ಜಗಳವಾಡಿದ್ದೇನೆ,
ಅದರಲ್ಲೇ ರಾಜಿಯಾಗಿದ್ದೇನೆ.

ತಾತನ ಕೊನೆಯ ಚಳಿಗಾಲ.
ಹೊಸ್ತಿಲಲ್ಲಿ ಕೂತು ಅಜ್ಜಿ ಸಿಂಪಿ ಒಡೆಯುತ್ತಿದ್ದಳು,
ಶಾಲೆಯ ಮೆಟ್ಟಿಲು ಹತ್ತದ ತನ್ನ ಮಾತಿನಲ್ಲಿ ಎಣಿಸುತ್ತ.
ಒಂದು, ತಟ್ಟನೆ ನಿಂತಿತು.
ಎರಡು ಮೂರು ನಾಲ್ಕು ಐದು ಬಾಯ್ತೆರೆದು ಹೋದವು.
ಆರು, ಕದ. ಏಳು, ಕದ. ಎಂಟು, ಕದ.
ಒಂಬತ್ತು ಹರಿದುಹೋಯಿತು.
ಹತ್ತು,

ತಾತ ರಜಾಯಿಯಿಂದ ಕೈ ಹೊರತೆಗೆದು
ಅವಳ ಮಾತು ತಡೆದಲ್ಲೆಲ್ಲ
ಗಾಳಿಯಲ್ಲಿ ಒಂದೊಂದು ಚುಕ್ಕಿ ಇಡುತ್ತಿದ್ದ.
ಏನೋ ಅಂದ, ಆ ಹನ್ನೊಂದೇ ವರ್ಷ ಬದುಕಿದ ಭಾಷೆಯಲ್ಲಿ.

'ಏನಂತೆ?' ಅಜ್ಜಿ ಕೇಳಿದಳು, ಕತ್ತಿ ನಿಲ್ಲಿಸದೆ.
'ಲೆಕ್ಕ ಸರಿಯಾಗಿದೆಯಂತೆ' ಎಂದೆ.
ಅವಳು ಮತ್ತೆ ಒಂದರಿಂದ ಶುರುಮಾಡಿದಳು.