ನಾಲ್ಕು ಬೆರಳು

ಫ್ಯಾನು ಆರಿಸಿ, ಬಾಗಿಲು ಮುಚ್ಚಿ
ಕೂತರೇ ಈ ಕೆಲಸ ಆಗುವುದು.
ಪುಕ್ಕದ ಸೂಟಿನ ಹೊಲಿಗೆ ಬಿಚ್ಚುವಾಗ
ಒಂದು ಸೀನು ಸಾಕು,
ಬೌದ್ಧದ ಗಲ್ಲಿಯ ಈ ಆರಡಿ ಅಂಗಡಿಯೊಳಗೆ
ಹಿಮ ಬಿದ್ದುಬಿಡುತ್ತದೆ,
ಅದೂ ಚೈತ್ರದ ಸೆಕೆಯಲ್ಲಿ.

ಸೂಟು ಯಾರೋ ಉದ್ದನೆಯ ಪರದೇಶಿಯದು.
ಹತ್ತಿ, ಇಳಿದು, ಇದನ್ನು ಮಾರಿ, ವಿಮಾನ ಏರಿದವನದು.
ಕಾಲರಿನೊಳಗೆ ನೀಲಿ ದಾರದಲ್ಲಿ ಅವನ ಹೆಸರು,
ಮೊಣಕಾಲ ಮೇಲೆ ಸ್ಟವ್ವಿನ ಕಿಡಿ ತಿಂದ ತೂತು.
ಇನ್ನು ಮೇಲೆ ಗ್ಯಾಲ್ಜೆನ್‌ನದು.
ರೋಲ್ವಾಲಿಂಗ್ ಕಣಿವೆಯ ಹುಡುಗ. ಇಪ್ಪತ್ತೆರಡು ಅನ್ನುತ್ತಾನೆ,
ಮೀಸೆ ಹಾಗನ್ನುವುದಿಲ್ಲ.
ಎಂಟು ಸಾವಿರ ಮೀಟರಿಗೆ ಇದೇ ಮೊದಲು.

ಜೊತೆಗೆ ಬಂದವನು ಸೋದರಮಾವ ಖಂಡು.
"ದೀದಿ, ತೋಳು ನಾಲ್ಕು ಬೆರಳು ಕಮ್ಮಿ ಮಾಡು" ಅಂದು
ಅಳತೆ ತೋರಿಸಲು ಬಲಗೈ ಎತ್ತಿದ.
ಎತ್ತಿದ ಕೈಯಲ್ಲಿ ಹೆಬ್ಬೆರಳಿತ್ತು, ಕಿರುಬೆರಳ ಬುಡವಿತ್ತು,
ನಡುವೆ ನನ್ನ ಟ್ಯೂಬ್‌ಲೈಟು ಕಾಣುತ್ತಿತ್ತು.
ಅವನೇ ಮೊದಲು ನಕ್ಕ:
"ನಿನ್ನ ಬೆರಳಲ್ಲೇ ಅಳೆದುಕೋ."

ಅಳೆದೆ.

ಹುಡುಗ ಮೂಲೆಯಲ್ಲಿ, ದಪ್ಪ ಕೈಗವಸು ತೊಟ್ಟು,
ಕಣ್ಣು ಮುಚ್ಚಿ, ನನ್ನ ಮಿಷನ್ನಿನ ಕಾಲಿಗೆ ಹಗ್ಗ ಕಟ್ಟಿ
ಕೊಂಡಿ ಸಿಕ್ಕಿಸುತ್ತಾನೆ, ಬಿಡಿಸುತ್ತಾನೆ.
ಚಿಟ್. ಚಿಟ್. ಒಂದು ಮೌನ. ಚಿಟ್.
"ನೂರಕ್ಕೆ ಆರು ತಪ್ಪುತ್ತಿವೆ ದೀದಿ, ಮೊನ್ನೆ ಹದಿನೇಳಿತ್ತು."
ಪರೀಕ್ಷೆಯಾದರೆ ಪಾಸು, ಹೊಲಿಗೆಯಾದರೂ ಚಿಂತೆಯಿಲ್ಲ,
ಬಿಚ್ಚಿ ಮತ್ತೆ ಹೊಲಿಯಬಹುದು.
ಬಾಯಿಗೆ ಬಂದದ್ದನ್ನು ದಾರದ ತುದಿಯೊಂದಿಗೆ
ಕಚ್ಚಿ ತುಂಡರಿಸಿದೆ.

ಬೆಳಗಾಗುವ ಮೊದಲೇ ಶಿವಪುರಿ ಗುಡ್ಡಕ್ಕೆ
ಮೂವತ್ತು ಲೀಟರು ನೀರು ಹೊತ್ತು ಹತ್ತುತ್ತಾನಂತೆ,
ಮೇಲೆ ಚೆಲ್ಲಿ ಬರಿಗ್ಯಾನು ಹೊತ್ತು ಇಳಿಯುತ್ತಾನಂತೆ.
ಅವನು ಚೆಲ್ಲುವ ಜಾಗದಲ್ಲಿ ಏನೋ ಒಂದು ಗಿಡ
ಎರಡೆಲೆ ಬಿಟ್ಟಿದೆಯಂತೆ.
ಹೋದ ವಾರ ದವಡೆಹಲ್ಲು ಕೀಳಿಸಿಕೊಂಡ:
ಇಲ್ಲಿ ಸುಮ್ಮನಿರುವ ಹುಳುಕು ಅಲ್ಲಿ ಎದ್ದು ಕೂಗುತ್ತದಂತೆ.
ಮಾತಾಡುವಾಗ ಇನ್ನೂ ನಾಲಿಗೆ
ಆ ಖಾಲಿಯನ್ನು ತಡವಿ ಬರುತ್ತದೆ.

ನಾವು ಪರಿಯಾರರು.
ನನ್ನಜ್ಜ ಮೇಲಿನವರ ಅಂಗಳದ ಅಂಚಲ್ಲಿ ಕೂತು
ಮದುವೆಯ ಬಟ್ಟೆ ಹೊಲಿಯುತ್ತಿದ್ದ.
ಹೊಲಿದದ್ದಕ್ಕೆ ಚಿನ್ನ ಅದ್ದಿದ ನೀರು ಚಿಮುಕಿಸಿ
ಒಳಗೊಯ್ಯುತ್ತಿದ್ದರಂತೆ.
ಗ್ಯಾಲ್ಜೆನ್‌ನನ್ನು ಕೇಳಿದೆ, ಅಷ್ಟು ಮೇಲೆ ನೀರಿಗೇನು ಗತಿ?
"ನೀರೆಲ್ಲಿ ದೀದಿ, ಒಂದು ಲೋಟಕ್ಕೆ ಒಂದು ಗಂಟೆ
ಮಂಜು ಕರಗಿಸಬೇಕು."
ಸರಿ ಹಾಗಾದರೆ. ಚಿಮುಕಿಸುವಷ್ಟು
ಯಾರ ಬಳಿಯೂ ಇರುವುದಿಲ್ಲ.

ವಿಮೆಯ ಫಾರಮ್ಮು ತಂದಿದ್ದ. ನನ್ನ ಅಕ್ಷರ ದುಂಡಗಂತೆ.
ಹೆಸರು, ಊರು, ರಕ್ತದ ಗುಂಪು ಬರೆದೆ.
ನಾಮಿನಿ ಅನ್ನುವ ಕಡೆ ಪೆನ್ನು ನಿಂತಿತು.
ತಾಯಿಯ ಹೆಸರು ಹೇಳಲು ಅಷ್ಟು ಹೊತ್ತು ಬೇಕೇ?
"ಏನೂ ಆಗದಿದ್ದರೆ ಈ ಕಾಗದ ಏನಾಗುತ್ತೆ ದೀದಿ?"
ರದ್ದಿಗೆ ಹೋಗುತ್ತೆ ಅಂದೆ.
"ಫುಟಿ" ಅಂದ, ಥಟ್ಟನೆ. "ಅಮ್ಮ. ಆಂಗ್ ಫುಟಿ."

ಕಾಲರಿನ ಹೆಸರು ಬಿಚ್ಚಲೇ ಎಂದು ಕೇಳಿದರೆ
ಬೇಡ ಅಂದ.
ಇಳಿದು ಬಂದವನದಲ್ಲವೇ, ಇರಲಿ.

ಕತ್ತರಿಸಿದ ತೋಳಿನ ತುಂಡು ಬುಟ್ಟಿಗೆ ಹಾಕುತ್ತಿದ್ದೆ.
ಖಂಡು ಕೈ ಚಾಚಿದ. ಬಲಗೈಯನ್ನೇ.
"ಅದನ್ನ ನನಗೆ ಕೊಡು,
ಪುಷ್ಯದಲ್ಲಿ ಇವಕ್ಕೆ ಬಹಳ ಚಳಿ" ಅಂದ,
ಇಲ್ಲದವುಗಳ ಕಡೆ ನೋಡುತ್ತ.
ಬಾಯಿ ಮಡಿಸಿ ಹೊಲಿದುಕೊಟ್ಟೆ. ಕಾಸು ತೆಗೆದುಕೊಳ್ಳಲಿಲ್ಲ.

ಅವರು ಹೋದ ಮೇಲೆ ಫ್ಯಾನು ಹಾಕಿದೆ.
ಮಿಷನ್ನಿನಡಿ ಅಡಗಿದ್ದ ಒಂದು ಪುಕ್ಕ ಎದ್ದು
ಸೂರಿನವರೆಗೆ ಹೋಯಿತು, ಅಲ್ಲೇ ಸುತ್ತತೊಡಗಿತು.
ಫ್ಯಾನು ಆರಿಸಿ
ಶಟರಿನ ಕೊಕ್ಕೆ ಹಿಡಿದು ನಿಂತೆ.
ಪಕ್ಕದ ಅಂಗಡಿಯವ, "ಇನ್ನೂ ಮುಚ್ಚಿಲ್ಲವೇ?" ಅಂದ.
ಸ್ವಲ್ಪ ತಡಿ ಅಂದೆ,
ಒಂದು ಇಳಿಯುವುದಿದೆ.