ಚುಕ್ಕೆ ಗುರುತಿನ ಪ್ರಶ್ನೆ

ಸಂಜೆ ನಾಲ್ಕೂ ನಲವತ್ತಕ್ಕೆ ಬಂತು, ನೆತ್ತಿಯ ಮೇಲೆ 'ಅತಿ ಜರೂರು'.
ದೆಹಲಿಯಲ್ಲಿ ಯಾರೋ ಮಾನ್ಯ ಸದಸ್ಯರು ಕೇಳಿದ್ದಾರೆ,
ಬೆಂಗಳೂರು ಅದನ್ನು ಹಾಸನಕ್ಕೆ ದೂಡಿದೆ,
ಹಾಸನದಲ್ಲಿ ಅದು ನನ್ನ ಮೇಜಿಗೆ ಬಂದು ನಿಂತಿದೆ.
ನನ್ನಿಂದ ಕೆಳಕ್ಕೆ ದೂಡಲು ಯಾರೂ ಇಲ್ಲ.

(ಅ) ವಿಚಾರಣಾಧೀನ ಬಂದಿಗಳಿಗೆ ಉಚಿತ ಕಾನೂನು ನೆರವು ತಲುಪುತ್ತಿದೆಯೇ?
(ಆ) ಹಾಗಿದ್ದಲ್ಲಿ, ಎಷ್ಟು ಜನರಿಗೆ?
(ಇ) ಇಲ್ಲದಿದ್ದಲ್ಲಿ, ಕಾರಣಗಳೇನು?

ಇಪ್ಪತ್ತೊಂದು ವರ್ಷದಿಂದ ಇದೇ ಕುರ್ಚಿ,
ಪ್ರಶ್ನೆಗೆ ಹೆದರುವವಳಲ್ಲ. 'ಅ'ಕ್ಕೆ ಹೌದು ಅಂದರೆ
'ಇ' ತಾನಾಗಿ ಉದುರುತ್ತದೆ: 'ಉದ್ಭವಿಸುವುದಿಲ್ಲ.'
ಎಂಥ ಪದ!
ನಮ್ಮೂರ ದೇವಿ ಹುತ್ತದಲ್ಲಿ ಉದ್ಭವಿಸಿದಳಂತೆ,
ಅವಳಿಗೆ ಗರ್ಭಗುಡಿ, ಬೀಗ, ಕಾವಲು.
ಉದ್ಭವಿಸದಿದ್ದಕ್ಕೆ ಒಂದು ಸಾಲು ಸಾಕು.

ರಿಜಿಸ್ಟರ್ ತೆರೆದೆ.
ಕ್ರಮ ಸಂಖ್ಯೆ ನೂರ ಹದಿನೇಳು: ಮೂಡ್ಲಗಿರಿ, ಗಂಡಸಿ ಹೋಬಳಿ.
ಮೋಟರಿನ ಕೇಬಲ್ಲು ಕಳುವು, ಹದಿನೆಂಟು ಮೀಟರು.
ಪ್ಯಾನೆಲ್ ವಕೀಲರು ಧರಣೇಂದ್ರಯ್ಯ; ಅವರ ಸಂಭಾವನೆ
ಆರು ತಿಂಗಳಿಂದ ಬಾಕಿ, ಆದರೂ ಹೋಗಿ ನಿಂತರು,
ಹನ್ನೊಂದನೇ ದಿನಕ್ಕೆ ಜಾಮೀನು ಮಂಜೂರು.
ನೆರವು ಪಡೆದವರು: ಒಂದು. ಜಾಮೀನು ಸಿಕ್ಕವರು: ಒಂದು.
ಎರಡು ಕಾಲಮಿನಲ್ಲೂ ಮೂಡ್ಲಗಿರಿ ಪಾಸು.

ಏಳು ತಿಂಗಳಾಯಿತು. ಮೂಡ್ಲಗಿರಿ ಇನ್ನೂ ಒಳಗಿದ್ದಾನೆ.

ಒಬ್ಬ ಜಾಮೀನುದಾರ ಬೇಕು, ಪಹಣಿ ಸಮೇತ.
ಹೆಂಡತಿ ಕೆಂಚಮ್ಮ ಸೋಮವಾರ ಸೋಮವಾರ
ಅರಸೀಕೆರೆ ಪ್ಯಾಸೆಂಜರಿನಲ್ಲಿ ಬರುತ್ತಾಳೆ,
ಪಹಣಿ ಕ್ಯಾರಿಬ್ಯಾಗಿನಲ್ಲಿ, ಕ್ಯಾರಿಬ್ಯಾಗು ಸೆರಗಿನಲ್ಲಿ.
ಇಪ್ಪತ್ತು ಗುಂಟೆ. ಇರುವುದು ಮಾವನ ಹೆಸರಲ್ಲಿ.
ಮಾವ ಹೋಗಿ ಒಂಬತ್ತು ವರ್ಷ, ಪೌತಿ ಖಾತೆ ಆಗಿಲ್ಲ.
ಸತ್ತವರು ಮುಚ್ಚಳಿಕೆಗೆ ರುಜು ಹಾಕಲಾರರು.
ಬದುಕಿರುವ ದಾಯಾದಿಗಳು ಹಾಕಬಹುದು,
ಆದರೆ ಮೋಟರು ಅವರದೇ.

'ನೀವೇ ಒಂದ್ ರುಜು ಆಕ್ಬುಡಿ ಅಕ್ಕಾ' ಅಂದಿದ್ದಳು ಒಮ್ಮೆ.
ಸರ್ಕಾರಿ ನೌಕರಳು ಕಣಮ್ಮ, ಮೇಲಿನವರ ಅನುಮತಿ ಬೇಕು ಅಂದೆ.
ಸುಳ್ಳಲ್ಲ.
ಅನುಮತಿ ಕೇಳಿದೆನೇ? ಅದು ಪ್ರಶ್ನೆಯ ವ್ಯಾಪ್ತಿಯಲ್ಲಿಲ್ಲ.

ಐದೂವರೆ. ನಮೂನೆಯಲ್ಲಿ ಹದಿನಾಲ್ಕು ಕಾಲಮು.
ಜಾಮೀನು ಸಿಕ್ಕಿಯೂ ಬಾಗಿಲು ದಾಟದವರಿಗೆಂದು
ಹದಿನೈದನೆಯದು ಎಳೆಯಲು ಹೋದೆ, ಶೀಟು ಲಾಕಾಗಿತ್ತು.
ಕೊನೆಗೆ ಮುನ್ನೂರ ಆರರ ಹೆಗಲ ಮೇಲೆ ಒಂದು ಚುಕ್ಕೆ ಇಟ್ಟೆ,
ಅಡಿಯಲ್ಲಿ ಸಣ್ಣಕ್ಷರ:
*ಇವರಲ್ಲಿ ಇಪ್ಪತ್ತಮೂರು ಮಂದಿ ಜಾಮೀನುದಾರರಿಲ್ಲದೆ ಒಳಗೇ ಇರುತ್ತಾರೆ.
ಪ್ರಶ್ನೆಗೆ ಚುಕ್ಕೆ ಇರಬಹುದಾದರೆ
ಉತ್ತರಕ್ಕೂ ಒಂದಿರಲಿ.
ಶಿರಸ್ತೇದಾರರು ಕನ್ನಡಕ ಏರಿಸಿ ಚುಕ್ಕೆಯನ್ನೂ ನನ್ನನ್ನೂ ನೋಡಿದರು.
'ಕೇಳದ್ದನ್ನ ಯಾಕಮ್ಮ ಹೇಳೋದು.'
ಅಳಿಸಲಿಲ್ಲ. ಅವರ ಬಸ್ಸಿಗೆ ಹೊತ್ತಾಗಿತ್ತು.

ಆ ದಿನ ಊಟದ ಡಬ್ಬಿ ಪಕ್ಕಕ್ಕಿಟ್ಟು ಮೊಬೈಲಿನಲ್ಲಿ ಸದನ ನೋಡಿದೆ.
ನಮ್ಮ ಪ್ರಶ್ನೆ ಹದಿನಾರನೆಯದು. ನಾಲ್ಕನೆಯದಕ್ಕೇ ಗದ್ದಲ,
ಗಂಟೆ ಹನ್ನೆರಡು, ಉಳಿದ ಉತ್ತರಗಳನ್ನೆಲ್ಲ
ಮೇಜಿನ ಮೇಲೆ ಇಟ್ಟಂತೆ ಭಾವಿಸಲಾಯಿತು.
ಆಮೇಲೆ ಅನುಬಂಧ ತೆಗೆದು ಹುಡುಕಿದೆ.
ಹಾಸನ: ಮುನ್ನೂರ ಆರು. ಬೋಳು ಹೆಗಲು.
ಚುಕ್ಕೆ ಎಲ್ಲಿ ಉದುರಿತೋ,
ಬೆಂಗಳೂರಿನಲ್ಲೋ, ಆಚೆಗೋ, ಯಾರ ಬೆರಳಿಂದಲೋ.
ಬಹುಶಃ ನನ್ನ ಹಾಗೇ ಬಸ್ಸು ಹಿಡಿಯಬೇಕಾದವಳು ಅವಳೂ.

ಸೋಮವಾರ. ಕೆಂಚಮ್ಮ.
'ಅಲ್ಗಂಟ ನಮ್ಮೆಸ್ರು ಓಯ್ತಾ ಅಕ್ಕಾ?'
'ಹೆಸರು ಹೋಗಲ್ಲ ಕಣೆ. ಅಂಕಿ ಹೋಯ್ತು.'
'ಅಂಕಿವೊಳ್ಗೆ ಅವ್ರವ್ರೆ ತಾನೆ?'
'ಹ್ಞೂಂ.'
ಸೆರಗು ಬಿಚ್ಚಿದಳು. ಪಹಣಿ ತೆಗೆದು ಮಡಿಕೆ ಸವರಿ
ನನ್ನ ಮೇಜಿನ ಮೇಲೆ ಇಟ್ಟಳು.
ಇಟ್ಟಂತೆ ಭಾವಿಸುವುದಲ್ಲ, ಇಟ್ಟಳು,
ಮೇಲೆ ಗಾಳಿಗೆ ಹಾರದ ಹಾಗೆ ತನ್ನ ಅಂಗೈ.

ಅನುಮತಿ ಅರ್ಜಿಯ ನಮೂನೆ ಎರಡನೇ ಡ್ರಾಯರಿನಲ್ಲಿರುತ್ತದೆ.
ಕೀಲಿ ನನ್ನ ಹತ್ತಿರವೇ ಇತ್ತು.
ಯಾವತ್ತೂ.